ರಾಜಿ ಸಂಧಾನವೋ, ಮೀಡಿಯೇಶನ್ನೋ, ಲೋಕ ಅದಾಲತ್ತೋ: ನಿಮ್ಮ ತಕರಾರಿಗೆ ಯಾವ ದಾರಿ?

ಬಿಲ್ ಕೊಟ್ಟು ವರ್ಷ ಕಳೆದರೂ ದುಡ್ಡು ಬಾರದವರು, ಇನ್ಶೂರೆನ್ಸ್ ಕ್ಲೇಮ್ ತಿರಸ್ಕಾರ ಆದವರು, ಪಾರ್ಟ್ನರ್ ಜೊತೆ ಲೆಕ್ಕ ಕೆಟ್ಟವರು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. ಕೋರ್ಟಿನ ಮೆಟ್ಟಿಲು ಹತ್ತದೆ ಇದನ್ನು ಮುಗಿಸಿಕೊಳ್ಳಬಹುದಾ? ಮುಗಿಸಿಕೊಳ್ಳಬಹುದು ಅಂದರೆ ಯಾರ ಹತ್ತಿರ ಹೋಗಬೇಕು?

ಮೊದಲನೆಯದಕ್ಕೆ ಉತ್ತರ ಹೌದು. ಎರಡನೆಯದು ಸ್ವಲ್ಪ ಕಷ್ಟ. ಸಿವಿಲ್ ಪ್ರಕ್ರಿಯಾ ಸಂಹಿತೆಯ 89ನೇ ಕಲಂ 2002ರ ಜುಲೈ 1ರಿಂದ ಜಾರಿಯಲ್ಲಿದೆ. ಅದೊಂದೇ ನಾಲ್ಕು ದಾರಿ ತೋರಿಸುತ್ತದೆ: ಆರ್ಬಿಟ್ರೇಶನ್ (ಕೋರ್ಟಿನ ಬದಲು ಮೂರನೆಯವರೊಬ್ಬರು ತೀರ್ಪು ಕೊಡುವುದು), ರಾಜಿ ಸಂಧಾನ, ಲೋಕ ಅದಾಲತ್ ಸೇರಿದಂತೆ ನ್ಯಾಯಾಂಗದ ಮೂಲಕ ರಾಜಿ, ಮತ್ತು ಮೀಡಿಯೇಶನ್ (ನಡುವೆ ಕೂತವರು ಮಾತು ಆಡಿಸಿ ಇಬ್ಬರನ್ನೂ ಒಪ್ಪಿಗೆಗೆ ತರುವುದು). ಬೇರೆ ಬೇರೆ ಕಾಯ್ದೆಗಳು ಇನ್ನಷ್ಟು ಬಾಗಿಲು ತೆರೆದಿವೆ. ಇವುಗಳಲ್ಲಿ ಜನಕ್ಕೆ ಕಡಿಮೆ ಗೊತ್ತಿರುವುದು ರಾಜಿ ಸಂಧಾನ, ಅಂದರೆ ವಕೀಲರು ಕನ್ಸಿಲಿಯೇಶನ್ ಅನ್ನುವುದು. ಅದರ ಬಲ ಗೊತ್ತಿಲ್ಲದೆ ಎಷ್ಟೋ ಜನ ಸುಮ್ನೆ ಉದ್ದದ ದಾರಿ ಹಿಡಿಯುತ್ತಾರೆ. ಹಾಗಾಗಿ ಅದನ್ನೇ ನಡುವೆ ಇಟ್ಟುಕೊಂಡು ಉಳಿದವನ್ನು ಅದರ ಪಕ್ಕದಲ್ಲಿ ನೋಡೋಣ.

ಯಾವುದನ್ನು ನೋಡಿ ಆರಿಸಬೇಕು

ಮೊದಲು ಕೇಳಿಕೊಳ್ಳಬೇಕಾದ್ದು: ಎದುರು ಪಾರ್ಟಿ ಬರಲ್ಲ ಅಂದರೆ ಏನಾಗುತ್ತದೆ? ಕೆಲವು ಕಡೆ ಅಲ್ಲಿಗೇ ಕಥೆ ಮುಗಿಯಿತು. ಇನ್ನು ಕೆಲವು ಕಡೆ ಅವರು ಬಾರದಿದ್ದರೂ ಪ್ರಕರಣ ಮುಂದೆ ಹೋಗುತ್ತದೆ.

ಎರಡನೆಯದು, ನಡುವೆ ಕೂರುವವರ ಕೆಲಸ ಏನು? ಮಾತು ಆಡಿಸುವುದಷ್ಟೇ ಒಬ್ಬರ ಕೆಲಸ. "ಹೀಗೆ ಮಾಡಿದರೆ ಆಗಬಹುದು ನೋಡಿ" ಅಂತ ಪ್ರಸ್ತಾಪ ಇಡುವುದು ಇನ್ನೊಬ್ಬರ ಕೆಲಸ. ತೀರ್ಪನ್ನೇ ಕೊಡುವುದು ಮತ್ತೊಬ್ಬರದು.

ಮೂರನೆಯದು, ಕೊನೆಗೆ ಕೈಗೆ ಬರುವ ಕಾಗದಕ್ಕೆ ಎಷ್ಟು ಬಲ? ಒಪ್ಪಿಕೊಂಡವರು ಆಮೇಲೆ ಕೈ ಎತ್ತಿದರೆ ಆ ಕಾಗದ ಹಿಡಿದು ನೇರ ಅಮಲ್ಜಾರಿ ಅರ್ಜಿ ಹಾಕಬಹುದಾ, ಅಥವಾ ಅದರ ಮೇಲೇ ಹೊಸದಾಗಿ ದಾವೆ ಹೂಡಬೇಕಾ?

ಇದಾದ ಮೇಲೆ ಖರ್ಚು, ಸಮಯ, ಗುಟ್ಟು ಉಳಿಯುತ್ತದಾ ಇಲ್ಲವಾ, ನಾಳೆ ಅದೇ ಮನುಷ್ಯನ ಜೊತೆ ವ್ಯವಹಾರ ಮಾಡಬೇಕಾ ಅನ್ನುವುದು.

ಬಹುತೇಕರು ಖರ್ಚಿನಿಂದ ಶುರು ಮಾಡುತ್ತಾರೆ. ನನ್ನ ಪ್ರಕಾರ ಮೂರನೆಯ ಪ್ರಶ್ನೆಯಿಂದ ಶುರು ಮಾಡಬೇಕು. ಅಗ್ಗವಾಗಿ ಸಿಕ್ಕಿದ ಒಪ್ಪಂದ ಅಮಲಿಗೆ ಬರದಿದ್ದರೆ ಅದರಷ್ಟು ದುಬಾರಿ ಬೇರೆ ಇಲ್ಲ.

1996ರ ಕಾಯ್ದೆಯ ರಾಜಿ ಸಂಧಾನ

ಆರ್ಬಿಟ್ರೇಶನ್ ಮತ್ತು ಕನ್ಸಿಲಿಯೇಶನ್ ಕಾಯ್ದೆ, 1996. ಹೆಸರಿನ ಮೊದಲರ್ಧ ಎಲ್ಲರಿಗೂ ಗೊತ್ತು. ಮೂರನೇ ಭಾಗ, 61ರಿಂದ 81ನೇ ಕಲಂವರೆಗಿನದು, ಪೂರ್ತಿ ರಾಜಿ ಸಂಧಾನದ ಬಗ್ಗೆ. ವಿಶ್ವಸಂಸ್ಥೆಯ ವ್ಯಾಪಾರ ಕಾನೂನು ಆಯೋಗ 1980ರಲ್ಲಿ ತಂದ ಸಂಧಾನ ನಿಯಮಗಳ ಅಚ್ಚಿನಲ್ಲೇ ಇದನ್ನು ಬರೆದಿದ್ದಾರೆ.

ಶುರು ಮಾಡುವುದು ಸುಲಭ. ನಿಮ್ಮ ಕರಾರಿನಲ್ಲಿ ಸಂಧಾನದ ಷರತ್ತು ಇರಲೇಬೇಕು ಅಂತಿಲ್ಲ. ವಿವಾದ ಏನು ಅಂತ ಚುಟುಕಾಗಿ ಬರೆದು ಎದುರಿನವರಿಗೆ ಲಿಖಿತ ಆಹ್ವಾನ ಕಳಿಸಬೇಕು. ಅವರು ಬರವಣಿಗೆಯಲ್ಲಿ ಒಪ್ಪಿದ ದಿನ ಸಂಧಾನ ಶುರುವಾದಂತೆ. 30 ದಿನದಲ್ಲಿ, ಅಥವಾ ನೀವು ಪತ್ರದಲ್ಲಿ ಕೊಟ್ಟ ಗಡುವಿನೊಳಗೆ, ಉತ್ತರ ಬಾರದಿದ್ದರೆ ತಿರಸ್ಕಾರ ಅಂತ ನೀವು ತೆಗೆದುಕೊಳ್ಳಬಹುದು. ಸಾಮಾನ್ಯವಾಗಿ ಒಬ್ಬರೇ ಸಂಧಾನಕಾರರು. ಇಬ್ಬರೂ ಒಪ್ಪಿದರೆ ಇಬ್ಬರು ಅಥವಾ ಮೂವರು. ಅವರು ವಕೀಲರೇ ಆಗಿರಬೇಕಿಲ್ಲ. ಕಟ್ಟಡದ ತಕರಾರಿಗೆ ಅನುಭವಿ ಎಂಜಿನಿಯರ್, ಲೆಕ್ಕದ ತಕರಾರಿಗೆ ಚಾರ್ಟರ್ಡ್ ಅಕೌಂಟೆಂಟ್ ಇದ್ದರೆ ಎಷ್ಟೋ ಸಲ ಕೆಲಸ ಬೇಗ ಆಗುತ್ತದೆ. ಸಾಕ್ಷ್ಯ ಕಾಯ್ದೆ, ಸಿವಿಲ್ ಪ್ರಕ್ರಿಯಾ ಸಂಹಿತೆ ಇವೆರಡೂ ಅವರನ್ನು ಕಟ್ಟಿಹಾಕುವುದಿಲ್ಲ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಪೀಣ್ಯದ ಒಂದು ವರ್ಕ್‌ಶಾಪ್ ಪ್ರೆಸ್ ಪಾರ್ಟ್ಸ್ ಮಾಡಿ ಕೊಟ್ಟಿದೆ. 8 ಲಕ್ಷ ರೂಪಾಯಿ ಬಾಕಿ. ಕೊಂಡವರು ಹೇಳುತ್ತಾರೆ, ಒಂದು ಲಾಟ್ ಅಳತೆಗೆ ಸರಿಯಿರಲಿಲ್ಲ, ರಿಜೆಕ್ಟ್ ಮಾಡಿದ್ದೆವು ಅಂತ. ಮಾಡಿದವರು ಹೇಳುತ್ತಾರೆ, ಮಾಲು ವಾಪಸ್ಸೇ ಬಂದಿಲ್ಲ, ಇನ್ನೆಲ್ಲಿಯ ರಿಜೆಕ್ಷನ್ ಅಂತ. ಇಬ್ಬರ ಮಾತಿನಲ್ಲೂ ಒಂದಿಷ್ಟು ಸತ್ಯ ಇದೆ.

ಸಂಧಾನಕಾರರು ಇಬ್ಬರನ್ನೂ ಒಟ್ಟಿಗೆ ಕೂರಿಸಿ ಕೇಳಬಹುದು, ಬೇರೆ ಬೇರೆ ಕರೆದೂ ಮಾತಾಡಬಹುದು. ಕೊಂಡವರು ಒಳಗೆ ಹೇಳುತ್ತಾರೆ: "ಆರೂವರೆ ಲಕ್ಷಕ್ಕೆ ಮುಗಿಸೋಣ, ಆದರೆ ಒಂದೇ ಸಲಕ್ಕೆ ಕೊಡೋಕೆ ಆಗಲ್ಲ." ಇಲ್ಲೊಂದು ಸೂಕ್ಷ್ಮ ಇದೆ. ನೀವು ಹೇಳಿದ ಸಂಗತಿಯನ್ನು ಸಂಧಾನಕಾರರು ಎದುರಿನವರಿಗೆ ತಿಳಿಸಬಹುದು, ಅವರೂ ವಿವರಣೆ ಕೊಡಲಿ ಅಂತ. ಆದರೆ "ಇದು ಗುಟ್ಟಾಗಿರಲಿ" ಅಂತ ಹೇಳಿ ಕೊಟ್ಟ ವಿಷಯವನ್ನು ತಿಳಿಸುವಂತಿಲ್ಲ. 70ನೇ ಕಲಂ ಇದು. ಹಾಗಾಗಿ ಒಳಗೆ ಮಾತಾಡುವಾಗ ಯಾವುದು ಹೇಳಬಹುದು, ಯಾವುದು ಹೇಳಬಾರದು ಅಂತ ಬಿಡಿಸಿ ಹೇಳಿಬಿಡಿ.

ಇಬ್ಬರದೂ ಕೇಳಿದ ಮೇಲೆ ಅವರು ಒಂದು ಪ್ರಸ್ತಾಪ ಇಡುತ್ತಾರೆ. 6,75,000 ರೂಪಾಯಿ, ಮೂರು ಕಂತು, ತಕರಾರಿನ ಲಾಟ್ ವರ್ಕ್‌ಶಾಪಿಗೆ ವಾಪಸ್ಸು. ಹೀಗೆ ಪ್ರಸ್ತಾಪ ಇಡುವ ಅಧಿಕಾರವನ್ನು 67ನೇ ಕಲಂ ಕೊಡುತ್ತದೆ, ಯಾವ ಹಂತದಲ್ಲಾದರೂ, ಕಾರಣ ಬರೆಯದೆ, ಬಾಯಿಮಾತಲ್ಲಾದರೂ ಸರಿ. ಇದೇ ರಾಜಿ ಸಂಧಾನದ ಜೀವಾಳ. ಎಷ್ಟೋ ಜಗಳಗಳು ನಿಂತಿರುವುದು ಅಂತರ ದೊಡ್ಡದು ಅಂತಲ್ಲ, ಮೊದಲು ಸಂಖ್ಯೆ ಹೇಳಿದವರು ಸೋತಂತೆ ಅನ್ನುವ ಭಾವನೆಯಿಂದ. ಸಂಖ್ಯೆಯನ್ನು ಮೂರನೆಯವರು ಹೇಳಿದಾಗ ಇಬ್ಬರ ಮರ್ಯಾದೆಯೂ ಉಳಿಯುತ್ತದೆ.

ಪ್ರಸ್ತಾಪ ಬೇಡವಾದರೆ ಬೇಡ ಅನ್ನಬಹುದು. ಯಾರೂ ಹೇರುವಂತಿಲ್ಲ. ಮಾತು ಮುರಿದರೂ, "ಆರೂವರೆ ಲಕ್ಷಕ್ಕೆ ಒಪ್ಪಿದ್ದರು" ಅಂತ ನಾಳೆ ಕೋರ್ಟಿನಲ್ಲಿ ಹೇಳಲು 81ನೇ ಕಲಂ ಬಿಡುವುದಿಲ್ಲ. ಸಂಧಾನಕಾರರನ್ನು ಸಾಕ್ಷಿಗೆ ಎಳೆಯುವಂತಿಲ್ಲ. ಇಬ್ಬರೂ ಒಪ್ಪದ ಹೊರತು ಅದೇ ವಿವಾದದಲ್ಲಿ ಅವರು ಆರ್ಬಿಟ್ರೇಟರ್ ಆಗುವಂತಿಲ್ಲ, ಒಂದು ಕಡೆಯ ವಕೀಲರೂ ಆಗುವಂತಿಲ್ಲ. ಮನಸ್ಸು ಬಿಚ್ಚಿ ಮಾತಾಡಲು ಇಷ್ಟು ಭದ್ರತೆ ಬೇಕೇ ಬೇಕು, ಅಲ್ವಾ?

ಈಗ ಕಾಗದದ ವಿಷಯ. 73ನೇ ಕಲಂ ಪ್ರಕಾರ ಬರೆದು ಇಬ್ಬರೂ ಸಹಿ ಹಾಕಿದ ಒಪ್ಪಂದಕ್ಕೆ 74ನೇ ಕಲಂ ಆರ್ಬಿಟ್ರೇಶನ್ ಅವಾರ್ಡಿನ, ಅಂದರೆ ಆರ್ಬಿಟ್ರೇಟರ್ ಕೊಡುವ ತೀರ್ಪಿನ, ಸ್ಥಾನ ಕೊಡುತ್ತದೆ. ಅಂದರೆ ದಾವೆ ಹೂಡದೆ, ವಾದ ನಡೆಯದೆ, ಡಿಕ್ರಿಯಂತೆ (ದಾವೆಯಲ್ಲಿ ಕೋರ್ಟು ಕೊಡುವ ಆದೇಶದಂತೆ) ಅಮಲ್ಜಾರಿ ಮಾಡಿಸಬಹುದಾದ ಕಾಗದ ನಿಮ್ಮ ಕೈಯಲ್ಲಿರುತ್ತದೆ.

ಆದರೆ ಈ ಬಲ ತಾನಾಗಿ ಬರುವುದಿಲ್ಲ. ನಮ್ಮ ಮೈಸೂರು ಸಿಮೆಂಟ್ಸ್ ಕಂಪನಿಯ ಪ್ರಕರಣದಲ್ಲೇ ಸುಪ್ರೀಂ ಕೋರ್ಟ್ 2003ರಲ್ಲಿ ಇದನ್ನು ಖಂಡಿತವಾಗಿ ಹೇಳಿತು. ಅಲ್ಲಿ ಸಂಧಾನ ನಡೆದಿತ್ತು. ನಡೆದದ್ದನ್ನು ದಾಖಲಿಸಿದ ಪತ್ರವೂ ಇತ್ತು. ಆದರೆ ಅದು 73ನೇ ಕಲಂ ಕೇಳುವ ರೂಪದ ಒಪ್ಪಂದ ಆಗಿರಲಿಲ್ಲ. ಹಾಗಾಗಿ ಡಿಕ್ರಿಯಂತೆ ಅಮಲು ಮಾಡಲು ಆಗದು ಅಂದಿತು ಕೋರ್ಟು. ಅದಕ್ಕೂ ಮುಂಚೆ 2000ದಲ್ಲಿ ಮಹಾರಾಷ್ಟ್ರದ ಒಂದು ಪ್ರಕರಣ ಬಂದಿತ್ತು. ಅದರಲ್ಲಿ ಸಂಧಾನಕಾರರು ತಾವೇ ಷರತ್ತು ಬರೆದು ಮುಚ್ಚಿದ ಲಕೋಟೆಯಲ್ಲಿ ಹೈಕೋರ್ಟಿಗೆ ಕಳಿಸಿದ್ದರು. ಪಾರ್ಟಿಗಳ ಸಹಿ ಇಲ್ಲದ ಆ ಕಾಗದಕ್ಕೆ ಬೆಲೆ ಇಲ್ಲ ಅಂತ ಸುಪ್ರೀಂ ಕೋರ್ಟ್ ಅದನ್ನು ತಳ್ಳಿಹಾಕಿತು.

ಆದ್ದರಿಂದ ಸಹಿಗೆ ಮುಂಚೆ ಕಾಗದವನ್ನು ಹೀಗೆ ಓದಿ. ಮೇಲೆ "ಸಭೆಯ ನಡಾವಳಿ" ಅಂತಿದೆಯಾ, "ರಾಜಿ ಒಪ್ಪಂದ, 1996ರ ಕಾಯ್ದೆಯ 73ನೇ ಕಲಂ" ಅಂತಿದೆಯಾ? ಎರಡನೆಯದು ಇರಲಿ. "ಬಾಕಿಯನ್ನು ಶೀಘ್ರದಲ್ಲಿ ಪಾವತಿಸಲಾಗುವುದು" ಅನ್ನುವ ಸಾಲು ಕಂಡರೆ ಹೊಡೆದುಹಾಕಿಸಿ. ಅದರ ಬದಲು "2,25,000 ರೂಪಾಯಿಯ ಮೊದಲ ಕಂತು ಇಂಥ ತಿಂಗಳ 10ನೇ ತಾರೀಕಿನೊಳಗೆ ಇಂಥ ಖಾತೆಗೆ" ಅಂತ ಬರೆಸಿ. ಯಾವುದೇ ಕಂತು ತಪ್ಪಿದರೆ ಉಳಿದ ಪೂರ್ತಿ ಹಣ ತಕ್ಷಣ ಬಡ್ಡಿಸಮೇತ ಕೊಡಬೇಕು ಅನ್ನುವ ಸಾಲು ಇರಲೇಬೇಕು. ವಾಪಸ್ಸು ಹೋಗುವ ಲಾಟ್ ಯಾವುದು, ಲಾರಿ ಬಾಡಿಗೆ ಯಾರದು, ಜಿಎಸ್‌ಟಿ ಕ್ರೆಡಿಟ್ ನೋಟ್ ಯಾರು ಕೊಡಬೇಕು ಅನ್ನುವುದೂ ಇರಲಿ. ಕಂಪನಿ ಪರ ಸಹಿ ಹಾಕುವವರಿಗೆ ಆ ಅಧಿಕಾರ ಕೊಟ್ಟ ಪತ್ರ ಲಗತ್ತಾಗಿರಲಿ. ಪುಟ ಪುಟಕ್ಕೂ ಸಹಿ ಬೀಳಲಿ. ಕೊನೆಗೆ ಸಂಧಾನಕಾರರು ದೃಢೀಕರಿಸಿ ಇಬ್ಬರಿಗೂ ಒಂದೊಂದು ಪ್ರತಿ ಕೊಡಬೇಕು, ಅದೂ ಕಾಯ್ದೆಯಲ್ಲೇ ಇದೆ. ವಿವಾದದಲ್ಲಿ ಜಮೀನು, ಮನೆ ಸೇರಿದ್ದರೆ ಸ್ಟಾಂಪ್ ಡ್ಯೂಟಿ ಮತ್ತು ನೋಂದಣಿಯ ಪ್ರಶ್ನೆ ಬರುತ್ತದೆ. ವಕೀಲರಿಗೆ ತೋರಿಸದೆ ಸಹಿ ಬೇಡ.

ಖರ್ಚು ಸಾಮಾನ್ಯವಾಗಿ ಅರ್ಧರ್ಧ. ಸಂಧಾನಕಾರರು ಮುಂಗಡ ಕೇಳಬಹುದು.

ಇದರ ದೌರ್ಬಲ್ಯ ಎರಡು. ಎದುರಿನವರು ಒಪ್ಪದಿದ್ದರೆ ಏನೂ ನಡೆಯುವುದಿಲ್ಲ. ಕೋರ್ಟೂ ಬಲವಂತ ಮಾಡಲಾಗದು. ಆರ್ಬಿಟ್ರೇಶನ್‌ಗೆ, ರಾಜಿ ಸಂಧಾನಕ್ಕೆ ಕಳಿಸಲು ಇಬ್ಬರ ಒಪ್ಪಿಗೆ ಬೇಕೇ ಬೇಕು ಅಂತ ಆಫ್ಕಾನ್ಸ್ ಪ್ರಕರಣದಲ್ಲಿ 2010ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಎರಡನೆಯದು ಇನ್ನೂ ಅಪಾಯದ್ದು: ಮಾತುಕತೆ ನಡೆಯುತ್ತಿದೆ ಅಂತ ಲಿಮಿಟೇಶನ್, ಅಂದರೆ ದಾವೆ ಹೂಡಲು ಕಾನೂನು ಕೊಟ್ಟ ಗಡುವು, ನಿಲ್ಲುತ್ತದೆ ಅಂದುಕೊಳ್ಳಬೇಡಿ. ಹಣ ವಸೂಲಿಗೆ ಸಾಮಾನ್ಯವಾಗಿ ಮೂರು ವರ್ಷ. ಸಂಧಾನ ನಡೆಯುವಾಗ ಕೋರ್ಟಿಗೆ ಹೋಗಬಾರದು ಅನ್ನುತ್ತದೆ 77ನೇ ಕಲಂ. ಆದರೆ ಹಕ್ಕು ಉಳಿಸಿಕೊಳ್ಳಲು ಬೇಕಾದರೆ ಹೋಗಬಹುದು ಅಂತಲೂ ಅದೇ ಹೇಳುತ್ತದೆ. ಗಡುವು ಹತ್ತಿರ ಬಂದಿದ್ದರೆ ಆ ಅವಕಾಶ ಬಳಸಿಕೊಳ್ಳಿ.

ಮೀಡಿಯೇಶನ್

ಇದು ನಿಮಗೆ ಮೂರು ರೂಪದಲ್ಲಿ ಎದುರಾಗುತ್ತದೆ.

ಕೇಸು ಈಗಾಗಲೇ ಕೋರ್ಟಿನಲ್ಲಿದ್ದರೆ ನ್ಯಾಯಾಧೀಶರೇ ಮೀಡಿಯೇಶನ್‌ಗೆ ಕಳಿಸಬಹುದು. ಇದಕ್ಕೆ ಇಬ್ಬರ ಒಪ್ಪಿಗೆ ಬೇಕಿಲ್ಲ. ಬೆಂಗಳೂರಿನಲ್ಲಿ 2007ರಿಂದ ಮೀಡಿಯೇಶನ್ ಕೇಂದ್ರ ಇದೆ, ಸಿದ್ದಯ್ಯ ರಸ್ತೆಯ ನ್ಯಾಯದೇಗುಲದಲ್ಲಿ. ಮೀಡಿಯೇಟರ್ ಸಾಮಾನ್ಯವಾಗಿ ತಾವಾಗಿ ಪರಿಹಾರ ಮುಂದಿಡುವುದಿಲ್ಲ. ನಿಮ್ಮಿಬ್ಬರ ಬಾಯಿಂದಲೇ ಅದು ಬರುವಂತೆ ಮಾಡುತ್ತಾರೆ. ಗಂಡ ಹೆಂಡತಿ, ಅಣ್ಣ ತಮ್ಮ, ಪಕ್ಕದ ಮನೆಯವರು, ಇಂಥ ಕಡೆ ಈ ರೀತಿ ಹೆಚ್ಚು ಒಳ್ಳೆಯದು. ಹೊರಗಿನವರು ಹೇಳಿದ ಪಾಲು ಮನಸ್ಸಿಗೆ ಹತ್ತುವುದಿಲ್ಲ, ತಾವೇ ಒಪ್ಪಿದ್ದು ಉಳಿಯುತ್ತದೆ. ರಾಜಿಯಾದರೆ ಕೋರ್ಟು ಅದನ್ನು ದಾಖಲಿಸಿ ಡಿಕ್ರಿ ಕೊಡುತ್ತದೆ. ಕಾಗದ ಗಟ್ಟಿ.

ವ್ಯಾಪಾರದ ವಿವಾದ 3 ಲಕ್ಷ ರೂಪಾಯಿ ಅಥವಾ ಜಾಸ್ತಿ ಆಗಿದ್ದು ತುರ್ತು ತಡೆಯಾಜ್ಞೆ ಬೇಕಿಲ್ಲದಿದ್ದರೆ, ಕಮರ್ಷಿಯಲ್ ಕೋರ್ಟ್ಸ್ ಕಾಯ್ದೆಯ 12ಎ ಕಲಂ ಪ್ರಕಾರ ದಾವೆಗೆ ಮುಂಚೆ ಮೀಡಿಯೇಶನ್ ಕಡ್ಡಾಯ. 2022ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟ ಮಾಡಿದೆ. ಅರ್ಜಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ. ಮೂರು ತಿಂಗಳಲ್ಲಿ ಮುಗಿಯಬೇಕು, ಇಬ್ಬರೂ ಒಪ್ಪಿದರೆ ಇನ್ನೆರಡು ತಿಂಗಳು. 10 ಲಕ್ಷದೊಳಗಿನ ವಿವಾದಕ್ಕೆ ನಿಯಮದಲ್ಲಿರುವ ಮೀಡಿಯೇಶನ್ ಶುಲ್ಕ 15,000 ರೂಪಾಯಿ, ಅದೂ ಇಬ್ಬರಿಗೂ ಸಮಪಾಲು. ಈ ಅವಧಿಯನ್ನು ಲಿಮಿಟೇಶನ್ ಲೆಕ್ಕದಿಂದ ಬಿಟ್ಟುಬಿಡುತ್ತಾರೆ, ಅದು ದೊಡ್ಡ ಅನುಕೂಲ. ಎದುರಿನವರು ಬಾರದಿದ್ದರೆ ಆ ವರದಿ ಹಿಡಿದು ದಾವೆ ಹೂಡಬಹುದು. ನೀವು 1996ರ ಕಾಯ್ದೆಯ ರಾಜಿ ಸಂಧಾನ ಮಾಡಿ ಅದು ಮುರಿದುಬಿದ್ದಿದ್ದರೂ ಕಮರ್ಷಿಯಲ್ ಕೋರ್ಟಿಗೆ ಹೋಗಲು ಈ ಹೆಜ್ಜೆ ತಪ್ಪಿಸುವಂತಿಲ್ಲ. ಸಂಧಾನಕ್ಕೆ ಎಷ್ಟು ತಿಂಗಳು ಕೊಡಬೇಕು ಅಂತ ಲೆಕ್ಕ ಹಾಕುವಾಗ ಇದು ತಲೆಯಲ್ಲಿರಲಿ.

ಮೂರನೆಯದು ಕೋರ್ಟಿನ ಹೊರಗೆ ನೀವೇ ಗೊತ್ತುಮಾಡಿಕೊಂಡ ಖಾಸಗಿ ಮೀಡಿಯೇಶನ್. ಇಲ್ಲಿ ಹುಷಾರು. ಇಂಥ ಒಪ್ಪಂದ ಬಹುಕಾಲ ಬರೀ ಕರಾರು ಆಗಿತ್ತು. ಮುರಿದರೆ ಮತ್ತೆ ದಾವೆ. 2023ರ ಮೀಡಿಯೇಶನ್ ಕಾಯ್ದೆ ಇದಕ್ಕೆ ಡಿಕ್ರಿಯ ಬಲ ಕೊಡುತ್ತದೆ, 120 ದಿನದ ಗಡುವು ಹಾಕುತ್ತದೆ, ರಾಜಿ ಸಂಧಾನವನ್ನೂ ಮೀಡಿಯೇಶನ್ನಿನ ಒಳಗೇ ಸೇರಿಸುತ್ತದೆ. ಆದರೆ 2023ರ ಅಕ್ಟೋಬರ್ 9ರಂದು ಅದರ ಕೆಲವು ಕಲಂಗಳಷ್ಟೇ ಜಾರಿಗೆ ಬಂದವು. ಡಿಕ್ರಿಯ ಬಲ ಕೊಡುವ 27ನೇ ಕಲಂ ಆ ಪಟ್ಟಿಯಲ್ಲಿರಲಿಲ್ಲ. ಒಪ್ಪಂದ ಬರೆಯುವ ದಿನ ಯಾವ ಕಲಂ ಜಾರಿಯಲ್ಲಿದೆ ಅಂತ ವಕೀಲರಲ್ಲಿ ಕೇಳಿ ತಿಳಿದುಕೊಂಡು ಮುಂದುವರಿಯಿರಿ. ಅನುಮಾನ ಇದ್ದರೆ ಅದೇ ಮನುಷ್ಯರನ್ನು 1996ರ ಕಾಯ್ದೆಯಡಿ ಸಂಧಾನಕಾರರು ಅಂತ ನೇಮಿಸಿ, ಅದಿನ್ನೂ ಜಾರಿಯಲ್ಲಿರುವವರೆಗೆ. ಕೋಣೆ ಅದೇ, ಜನ ಅವರೇ, ಮಾತೂ ಅದೇ. ಕಾಗದದ ಬಲ ಮಾತ್ರ ಬೇರೆ.

ಸಣ್ಣ ಉದ್ದಿಮೆಯ ಬಾಕಿ: ಬೇರೆಯದೇ ಬಾಗಿಲು

ನಮ್ಮ ಪೀಣ್ಯದ ವರ್ಕ್‌ಶಾಪಿಗೆ ಉದ್ಯಮ್ ನೋಂದಣಿ, ಅಂದರೆ ಸಣ್ಣ ಉದ್ದಿಮೆ ಅಂತ ಸರ್ಕಾರದ ನೋಂದಣಿ, ಇದ್ದರೆ ಚಿತ್ರವೇ ಬದಲಾಗುತ್ತದೆ. 2006ರ ಎಂಎಸ್‌ಎಂಇಡಿ ಕಾಯ್ದೆ ಪ್ರಕಾರ ಸೂಕ್ಷ್ಮ ಮತ್ತು ಸಣ್ಣ ಉದ್ದಿಮೆಗಳಿಗೆ ಹೆಚ್ಚೆಂದರೆ 45 ದಿನದಲ್ಲಿ ಹಣ ಕೊಡಬೇಕು. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳ ಲೆಕ್ಕದ ಚಕ್ರಬಡ್ಡಿ. ಮಧ್ಯಮ ಉದ್ದಿಮೆಗೆ ಈ ಸೌಲಭ್ಯ ಇಲ್ಲ. ಮಾಲು ಕೊಡುವ ಮುಂಚೆಯೇ ನೋಂದಣಿ ಆಗಿದ್ದರೆ ತಕರಾರಿಗೆ ಎಡೆ ಇರುವುದಿಲ್ಲ. ನೋಂದಣಿ ಮಾಡಿಸದವರು ಇವತ್ತೇ ಮಾಡಿಸಿ, ಅದಕ್ಕೆ ಶುಲ್ಕ ಇಲ್ಲ.

ಬಾಕಿ ಬಾರದಿದ್ದರೆ 18ನೇ ಕಲಂ ಅಡಿ, ಇಂಥ ಬಾಕಿಯ ತಕರಾರಿಗೆಂದೇ ಸರ್ಕಾರ ರಚಿಸಿದ ಫೆಸಿಲಿಟೇಶನ್ ಕೌನ್ಸಿಲ್‌ಗೆ ಅರ್ಜಿ. ಆನ್‌ಲೈನ್‌ನಲ್ಲೇ ಹಾಕಬಹುದು. ಕೌನ್ಸಿಲ್ ಮೊದಲು ರಾಜಿ ಸಂಧಾನ ಮಾಡುತ್ತದೆ, 1996ರ ಕಾಯ್ದೆಯ ಅದೇ ಕಲಂಗಳ ಪ್ರಕಾರ. ಫಲ ಕೊಡದಿದ್ದರೆ ಅದೇ ಕೌನ್ಸಿಲ್ ಆರ್ಬಿಟ್ರೇಶನ್‌ಗೆ ತೆಗೆದುಕೊಳ್ಳುತ್ತದೆ, ಇಲ್ಲವೇ ಬೇರೆ ಸಂಸ್ಥೆಗೆ ಕಳಿಸುತ್ತದೆ. ಸಂಧಾನ ಮಾಡಿದವರೇ ಆರ್ಬಿಟ್ರೇಟರ್ ಆಗಬಾರದು ಅನ್ನುವ ನಿರ್ಬಂಧ ಇಲ್ಲಿ ಅಡ್ಡಬರುವುದಿಲ್ಲ ಅಂತ 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ನಿಮ್ಮ ಕರಾರಿನಲ್ಲಿ "ಮುಂಬೈಯಲ್ಲಿ ಆರ್ಬಿಟ್ರೇಶನ್" ಅಂತ ಬರೆದಿದ್ದರೂ ಈ ಬಾಗಿಲು ಮುಚ್ಚುವುದಿಲ್ಲ, ಅದನ್ನೂ ಅದೇ ತೀರ್ಪು ಹೇಳಿದೆ.

ಸಾಮಾನ್ಯ ರಾಜಿ ಸಂಧಾನದ ದೊಡ್ಡ ಕೊರತೆ, ಎದುರಿನವರು ಬಾರದಿದ್ದರೆ ಏನೂ ಇಲ್ಲ ಅನ್ನುವುದು, ಇಲ್ಲಿ ತುಂಬಿಹೋಗುತ್ತದೆ. ಬಾರದವರು ಆರ್ಬಿಟ್ರೇಶನ್ ಎದುರಿಸಬೇಕು. ಅವಾರ್ಡ್ ಅವರ ವಿರುದ್ಧ ಬಂದರೆ ಅದನ್ನು ಪ್ರಶ್ನಿಸಲು ಶೇ. 75 ಹಣ ಮೊದಲು ಠೇವಣಿ ಇಡಬೇಕು. ಇದು ಗೊತ್ತಿರುವ ಖರೀದಿದಾರರು ಸಂಧಾನದ ಮೇಜಿಗೇ ಬರುತ್ತಾರೆ. ಅಲ್ಲಿ ನಿಮ್ಮ ಕೈಯಲ್ಲಿರುವ ಚೌಕಾಸಿಯ ವಸ್ತು ಬಡ್ಡಿ. ಅಸಲು ಪೂರ್ತಿ ಬೇಗ ಕೊಟ್ಟರೆ ಬಡ್ಡಿಯಲ್ಲಿ ಬಿಟ್ಟುಕೊಡುತ್ತೇನೆ ಅನ್ನುವ ಮಾತಿಗೆ ಬೆಲೆ ಇದೆ. ಮೊದಲೇ ಅಸಲಿನಲ್ಲಿ ಕಡಿತ ಒಪ್ಪಿಕೊಳ್ಳಬೇಡಿ.

ಬಹಳ ಹಳೆಯ ಬಾಕಿ ಇರುವವರಿಗೆ ಒಂದು ಮಾತು. ಲಿಮಿಟೇಶನ್ ಮೀರಿದ ಬಾಕಿಯನ್ನೂ ಈ ಕೌನ್ಸಿಲ್‌ನಲ್ಲಿ ಸಂಧಾನಕ್ಕೆ ಒಯ್ಯಬಹುದು, ಆದರೆ ಆರ್ಬಿಟ್ರೇಶನ್‌ಗೆ ಆಗದು ಅಂತ 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ತೀರ್ಮಾನಿಸಿದೆ. ಕೋರ್ಟಿನ ಬಾಗಿಲು ಮುಚ್ಚಿದ ಮೇಲೂ ಸಂಧಾನದ ಬಾಗಿಲು ತೆರೆದಿದೆ ಅಂತಾಯಿತು. ಎದುರಿನವರು ಕೊಡಲೇಬೇಕು ಅನ್ನುವ ಒತ್ತಡ ಮಾತ್ರ ಇರುವುದಿಲ್ಲ.

ಕಾಯ್ದೆ 90 ದಿನದಲ್ಲಿ ತೀರ್ಮಾನ ಅನ್ನುತ್ತದೆ. ಅಷ್ಟರಲ್ಲಿ ಮುಗಿಯುತ್ತದೆ ಅಂತ ನಂಬಿಕೊಂಡು ಸಾಲ ಮಾಡಬೇಡಿ. ತಡ ಆಗುವುದು ಮಾಮೂಲು.

ಲೋಕ ಅದಾಲತ್ ಮತ್ತು ಖಾಯಂ ಲೋಕ ಅದಾಲತ್

ಹೆಸರು ಒಂದೇ ಥರ ಇದ್ದರೂ ಇವೆರಡೂ ಬೇರೆ. ಗೊಂದಲ ಮಾಡಿಕೊಂಡರೆ ನಷ್ಟ.

ಸಾಮಾನ್ಯ ಲೋಕ ಅದಾಲತ್ ಎಲ್ಲರಿಗೂ ಗೊತ್ತು. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಡಿ ನಡೆಯುತ್ತದೆ. ಶುಲ್ಕ ಇಲ್ಲ. ಕಟ್ಟಿದ ಕೋರ್ಟ್ ಫೀ ವಾಪಸ್ಸು ಬರುತ್ತದೆ. ಕೇಸು ಹಾಕುವ ಮುಂಚೆಯೂ ತಾಲ್ಲೂಕು ಅಥವಾ ಜಿಲ್ಲಾ ಪ್ರಾಧಿಕಾರಕ್ಕೆ ಅರ್ಜಿ ಕೊಡಬಹುದು. ಸಹಾಯಕ್ಕೆ 15100 ಸಂಖ್ಯೆ ಇದೆ. ರಾಜಿಯಾದರೆ ಬರುವ ಅವಾರ್ಡ್ ಸಿವಿಲ್ ಡಿಕ್ರಿಗೆ ಸಮ, ಅದರ ಮೇಲೆ ಅಪೀಲು ಇಲ್ಲ. ಚೆಕ್ ಬೌನ್ಸ್ ಕೇಸಿನಲ್ಲಿ ಬಂದ ಅವಾರ್ಡನ್ನೂ ಸಿವಿಲ್ ಡಿಕ್ರಿಯಂತೆ ಅಮಲು ಮಾಡಿಸಬಹುದು ಅಂತ 2011ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ದುಡ್ಡು ಕಡಿಮೆ ಇರುವವರಿಗೆ, ಲೆಕ್ಕ ಸ್ಪಷ್ಟ ಇದ್ದು ಮೊತ್ತದ ಚೌಕಾಸಿ ಮಾತ್ರ ಉಳಿದಿರುವವರಿಗೆ ಇದಕ್ಕಿಂತ ಒಳ್ಳೆಯದು ಇಲ್ಲ. ಕೊರತೆ ಅಂದರೆ ಸಮಯ. ಒಂದೇ ದಿನ ನೂರಾರು ಕೇಸು ಬರುತ್ತವೆ. ಹತ್ತು ವರ್ಷದ ಪಾರ್ಟ್ನರ್‌ಶಿಪ್ಪಿನ ಲೆಕ್ಕವನ್ನು ಅಲ್ಲಿ ಬಿಡಿಸಲಾಗದು. ಒಪ್ಪದಿದ್ದರೆ ಪೀಠಕ್ಕೆ ತೀರ್ಪು ಕೊಡುವ ಅಧಿಕಾರವೂ ಇಲ್ಲ.

ಖಾಯಂ ಲೋಕ ಅದಾಲತ್ 2002ರ ತಿದ್ದುಪಡಿಯಿಂದ ಬಂದದ್ದು. ಸಾರಿಗೆ, ಅಂಚೆ, ದೂರವಾಣಿ, ವಿದ್ಯುತ್, ನೀರು, ಆಸ್ಪತ್ರೆ, ಇನ್ಶೂರೆನ್ಸ್, ಆಮೇಲೆ ಸೇರಿದ ಬ್ಯಾಂಕಿಂಗ್, ಇಂಥ ಸಾರ್ವಜನಿಕ ಸೇವೆಗಳ ತಕರಾರಿಗೆ ಮಾತ್ರ. ಮಿತಿ 1 ಕೋಟಿ ರೂಪಾಯಿ. ಕೋರ್ಟಿಗೆ ಹೋಗುವ ಮುಂಚೆಯೇ ಅರ್ಜಿ ಹಾಕಬೇಕು. ಅರ್ಜಿ ಬಿದ್ದ ಮೇಲೆ ಅದೇ ವಿವಾದಕ್ಕೆ ಇಬ್ಬರೂ ಕೋರ್ಟಿಗೆ ಹೋಗುವಂತಿಲ್ಲ. ನ್ಯಾಯಾಧೀಶರಾಗಿ ಅನುಭವ ಇರುವ ಅಧ್ಯಕ್ಷರು ಮತ್ತು ಇಬ್ಬರು ಸದಸ್ಯರು ಮೊದಲು ರಾಜಿ ಸಂಧಾನ ನಡೆಸುತ್ತಾರೆ, ಷರತ್ತುಗಳನ್ನು ಬರೆದು ಮುಂದಿಡುತ್ತಾರೆ. ಒಪ್ಪದಿದ್ದರೆ ತಾವೇ ತೀರ್ಮಾನ ಕೊಡುತ್ತಾರೆ. ಅದಕ್ಕೆ ಅಪೀಲು ಇಲ್ಲ, ಹೈಕೋರ್ಟಿಗೆ ರಿಟ್ ಮಾತ್ರ.

ಈ ಸಂಧಾನದ ಹಂತ ತೋರಿಕೆಗಲ್ಲ. ಮಂಗಳೂರಿನ ಖಾಯಂ ಲೋಕ ಅದಾಲತ್ತಿನಿಂದ ಹೋದ ಕೆನರಾ ಬ್ಯಾಂಕ್ ಪ್ರಕರಣದಲ್ಲಿ 2022ರಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಹೇಳಿತು. ಸಾಲಗಾರರು ಹಾಜರಾಗಿರಲಿಲ್ಲ. ಆದರೂ ಷರತ್ತು ಬರೆದು ಅವರಿಗೆ ತಿಳಿಸಿ, ಸಂಧಾನದ ಹೆಜ್ಜೆಗಳನ್ನು ಪೂರೈಸಿಯೇ ತೀರ್ಮಾನಕ್ಕೆ ಹೋಗಬೇಕಿತ್ತು. ಅದನ್ನು ಬಿಟ್ಟು ಕೊಟ್ಟ ಅವಾರ್ಡ್ ನಿಲ್ಲಲಿಲ್ಲ. ಬ್ಯಾಂಕಿನ ಎದುರು ಒಬ್ಬಂಟಿ ನಿಂತವರಿಗೆ ಈ ತೀರ್ಪು ದೊಡ್ಡ ಆಸರೆ.

ಇನ್ಶೂರೆನ್ಸ್ ಕಂಪನಿ ಮಾತಿಗೇ ಸಿಗುತ್ತಿಲ್ಲ ಅನ್ನುವವರಿಗೆ ನಾನು ಹೇಳುವುದು ಈ ದಾರಿ. ಬೆಲೆ ಏನು ಅಂತ ತಿಳಿದಿರಲಿ: ಸಂಧಾನ ಮುರಿದರೆ "ನಾನು ಕೋರ್ಟಿಗೆ ಹೋಗ್ತೀನಿ" ಅಂತ ಎದ್ದು ಬರಲು ಆಗದು. ದಾಖಲೆ ಗಟ್ಟಿ ಇದ್ದರೆ ಹೋಗಿ. ವೈದ್ಯರ ಸಾಕ್ಷ್ಯ, ತಜ್ಞರ ಪಾಟಿಸವಾಲು ಎಲ್ಲ ಬೇಕಾಗುವ ಕೇಸಾದರೆ ಎರಡು ಸಲ ಯೋಚಿಸಿ.

ಕೆಲಸಗಾರರಿಗೆ

ಕೆಲಸದಿಂದ ತೆಗೆದರೆ, ಬೋನಸ್ ಅಥವಾ ವೇತನದ ತಕರಾರು ಬಂದರೆ ಕಾರ್ಮಿಕ ಇಲಾಖೆಯ ಸಂಧಾನಾಧಿಕಾರಿ ಮೊದಲ ನಿಲ್ದಾಣ. ಹಣ ಖರ್ಚಿಲ್ಲ, ಮಾಲೀಕರನ್ನು ಕರೆಸುವ ಅಧಿಕಾರ ಅವರಿಗಿದೆ. 1947ರ ಕೈಗಾರಿಕಾ ವಿವಾದ ಕಾಯ್ದೆಯ ಜಾಗದಲ್ಲಿ ಕೈಗಾರಿಕಾ ಸಂಬಂಧಗಳ ಸಂಹಿತೆ 2025ರ ನವೆಂಬರ್ 21ರಿಂದ ಜಾರಿಗೆ ಬಂದಿದೆ. ವಿವಾದ ಹುಟ್ಟಿ ಎರಡು ವರ್ಷದೊಳಗೆ ಹೋಗಬೇಕು. ಸಂಧಾನಕ್ಕೆ ಸಾಮಾನ್ಯವಾಗಿ 45 ದಿನ, ಮುಷ್ಕರದ ನೋಟಿಸ್ ಇದ್ದರೆ 14 ದಿನ. ಸಂಧಾನಾಧಿಕಾರಿ ಎದುರು ಆದ ಒಪ್ಪಂದಕ್ಕೆ ವಿಶೇಷ ಬಲ: ಸಂಘದಲ್ಲಿ ಇಲ್ಲದ ಕೆಲಸಗಾರರಿಗೂ ಅದು ಅನ್ವಯಿಸುತ್ತದೆ. ಮಾಲೀಕರು ಕ್ಯಾಂಟೀನಿನಲ್ಲಿ ಕೂರಿಸಿ ಸಹಿ ಹಾಕಿಸಿಕೊಂಡ ಕಾಗದಕ್ಕೆ ಆ ಬಲ ಇರುವುದಿಲ್ಲ.

ಆರ್ಬಿಟ್ರೇಶನ್ ಯಾವಾಗ

ಮಾತು ಪೂರ್ತಿ ಮುರಿದಿದೆ, ಯಾರಾದರೂ ತೀರ್ಮಾನ ಕೊಡಲೇಬೇಕು, ಕರಾರಿನಲ್ಲಿ ಷರತ್ತೂ ಇದೆ ಅಂದಾಗ. ಖರ್ಚು ನೋಡಿ: 1996ರ ಕಾಯ್ದೆಯ ನಾಲ್ಕನೇ ಅನುಸೂಚಿಯ ಮಾದರಿ ದರದಲ್ಲಿ 8 ಲಕ್ಷದ ವಿವಾದಕ್ಕೆ 55,500 ರೂಪಾಯಿ. ಒಬ್ಬರೇ ಆರ್ಬಿಟ್ರೇಟರ್ ಆದರೆ ಶೇ. 25 ಸೇರಿ 69,375. ವಕೀಲರ ಫೀ ಬೇರೆ. 8 ಲಕ್ಷಕ್ಕೆ ಇದು ಭಾರ, 80 ಲಕ್ಷಕ್ಕೆ ಅಲ್ಲ. ಆರ್ಬಿಟ್ರೇಶನ್ ನಡುವೆ ರಾಜಿ ಮಾಡಿಕೊಳ್ಳಲು ಯಾವ ಅಡ್ಡಿಯೂ ಇಲ್ಲ, ಕಾಯ್ದೆಯ 30ನೇ ಕಲಂ ಅದನ್ನು ಪ್ರೋತ್ಸಾಹಿಸುತ್ತದೆ.

ಯಾವುದೂ ಬೇಡ, ನೇರ ಕೋರ್ಟಿಗೆ ಹೋಗಿ ಅನ್ನುವ ಸಂದರ್ಭ

ಆಸ್ತಿ ನಾಳೆಯೇ ಮಾರಾಟ ಆಗುತ್ತದೆ, ತಡೆಯಾಜ್ಞೆ ಬೇಕು. ಸಹಿ ಫೋರ್ಜರಿ ಮಾಡಿದ್ದಾರೆ, ದೊಡ್ಡ ಮೋಸ ನಡೆದಿದೆ. ಅಪ್ರಾಪ್ತ ಮಕ್ಕಳ ಅಥವಾ ದೇವಸ್ಥಾನದ ಆಸ್ತಿಯ ಪ್ರಶ್ನೆ. ಇಂಥವನ್ನು ಆಫ್ಕಾನ್ಸ್ ತೀರ್ಪೂ ಸಾಮಾನ್ಯವಾಗಿ ಹೊರಗಿಟ್ಟಿದೆ, ತಡೆಯಾಜ್ಞೆಯದು ನನ್ನ ಸೇರ್ಪಡೆ. ಮನೆಯಲ್ಲಿ ಹೊಡೆತ ಬಡಿತ ಇದ್ದರೆ "ಕೂತು ಮಾತಾಡಿಕೊಳ್ಳಿ" ಅನ್ನುವವರ ಮಾತು ಕೇಳಬೇಡಿ. ಹೆದರಿದವರು ಹಾಕುವ ಸಹಿಯನ್ನು ನಾನು ರಾಜಿ ಅನ್ನಲಾರೆ. ಮೊದಲು ರಕ್ಷಣೆಯ ಆದೇಶ ತೆಗೆದುಕೊಳ್ಳಿ.

ಹಾಗಾದರೆ ನೀವು?

ನೀವು ಸಣ್ಣ ಉದ್ದಿಮೆಯವರು, ನೋಂದಣಿ ಇದೆ ಅಂದರೆ ಫೆಸಿಲಿಟೇಶನ್ ಕೌನ್ಸಿಲ್ ಬಿಟ್ಟು ಬೇರೆ ಯೋಚನೆ ಬೇಡ. ನೋಂದಣಿ ಇಲ್ಲದ ವ್ಯಾಪಾರಿ, ಬಾಕಿ 3 ಲಕ್ಷಕ್ಕಿಂತ ಜಾಸ್ತಿ, ಎದುರಿನವರು ಫೋನೂ ಎತ್ತುತ್ತಿಲ್ಲ ಅಂದರೆ 12ಎ ಮೀಡಿಯೇಶನ್. ಹೇಗೂ ಆ ಹೆಜ್ಜೆ ಇಡಲೇಬೇಕಲ್ಲ. ಬಾಕಿ ಕಡಿಮೆ, ಕೈಯಲ್ಲಿ ಕಾಸಿಲ್ಲ ಅಂದರೆ ಕೇಸಿಗೆ ಮುಂಚಿನ ಲೋಕ ಅದಾಲತ್. ಬ್ಯಾಂಕು, ಇನ್ಶೂರೆನ್ಸ್, ಕರೆಂಟು, ಆಸ್ಪತ್ರೆ ಅಂದರೆ ಖಾಯಂ ಲೋಕ ಅದಾಲತ್. ಮನೆಯೊಳಗಿನ ಜಗಳ ಕೋರ್ಟಿನಲ್ಲಿದ್ದರೆ ನ್ಯಾಯಾಧೀಶರನ್ನೇ ಮೀಡಿಯೇಶನ್‌ಗೆ ಕಳಿಸಿ ಅಂತ ಕೇಳಿ.

1996ರ ಕಾಯ್ದೆಯ ರಾಜಿ ಸಂಧಾನ ಹೇಳಿ ಮಾಡಿಸಿದ್ದು ಯಾರಿಗೆ ಅಂದರೆ, ಇಬ್ಬರಿಗೂ ಮುಗಿಸಿಕೊಳ್ಳುವ ಮನಸ್ಸಿದೆ, ನಾಳೆಯೂ ವ್ಯವಹಾರ ಬೇಕು, ವಿಷಯ ಹೊರಗೆ ಹೋಗಬಾರದು, ಆದರೆ ಬಾಯಿಮಾತಿನ ಮೇಲೆ ನಂಬಿಕೆ ಸಾಲದು ಅನ್ನುವವರಿಗೆ. ಬೇರೆ ಹಾದಿಗೆ ತಳ್ಳುವ ಕಾರಣ ಇಲ್ಲದ ಪಾರ್ಟ್ನರುಗಳು, ಕಾಂಟ್ರ್ಯಾಕ್ಟರು ಮತ್ತು ಮನೆ ಕಟ್ಟಿಸಿದವರು, ಡೀಲರು ಮತ್ತು ಕಂಪನಿ, ಇವರೆಲ್ಲ ಮೊದಲು ಇದನ್ನೇ ನೋಡಲಿ.

ಆಹ್ವಾನ ಪತ್ರಕ್ಕೆ ವಕೀಲರ ನೋಟಿಸಿನ ಗಡಸು ಭಾಷೆ ಬೇಡ. ಬಿಲ್ ಸಂಖ್ಯೆ, ತಾರೀಕು, ಮೊತ್ತ, ತಕರಾರು ಏನು ಅಂತ ನಾಲ್ಕು ಸಾಲು. "1996ರ ಕಾಯ್ದೆಯ 62ನೇ ಕಲಂ ಅಡಿ ರಾಜಿ ಸಂಧಾನಕ್ಕೆ ಆಹ್ವಾನ" ಅನ್ನುವ ಸಾಲು. ನಿಮಗೆ ಒಪ್ಪಿಗೆಯಾಗುವ ಇಬ್ಬರು ಮೂವರು ಸಂಧಾನಕಾರರ ಹೆಸರು, ಅದರಲ್ಲಿ ಒಬ್ಬರನ್ನು ಅವರೇ ಆರಿಸಲಿ. ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ ರಸೀದಿ ಇಟ್ಟುಕೊಳ್ಳಿ, ಅದನ್ನೇ ಇ-ಮೇಲ್ ಮಾಡಿ. ಕ್ಯಾಲೆಂಡರಿನಲ್ಲಿ ಎರಡು ತಾರೀಕು ಗುರುತು ಹಾಕಿ: ಪತ್ರ ಕಳಿಸಿದ ದಿನದಿಂದ 30ನೇ ದಿನ, ಮತ್ತು ನಿಮ್ಮ ಮೂರು ವರ್ಷ ಮುಗಿಯುವ ದಿನ. ಮೊದಲ ತಾರೀಕಿಗೆ ಉತ್ತರ ಬಂದಿರದಿದ್ದರೆ ಮಾರನೆಯ ದಿನವೇ ಮುಂದಿನ ಅರ್ಜಿ ಬರೆಯಲು ಕೂತುಕೊಳ್ಳಿ.